ಹುಲ್ಲಿಗೆ ಇಳಿದ ವಿಷ: 1783ರ ಲಾಕಿ ಜ್ವಾಲಾಮುಖಿಯ ಚರಿತ್ರೆ

1783ರ ಜೂನ್ 8, ಭಾನುವಾರ. ಕ್ರೈಸ್ತರ ಪೆಂಟಕೋಸ್ತ್ ಹಬ್ಬ. ಐಸ್‌ಲ್ಯಾಂಡಿನ ದಕ್ಷಿಣಕ್ಕಿರುವ ಸೀಡಾ ಸೀಮೆಯಲ್ಲಿ ಬೆಳಗ್ಗೆ ಗಾಳಿಯಿರಲಿಲ್ಲ, ಆಕಾಶ ತಿಳಿಯಾಗಿತ್ತು. ಒಂಬತ್ತು ಗಂಟೆಯ ಸುಮಾರಿಗೆ ಉತ್ತರದ ಬೆಟ್ಟಗಳ ಹಿಂದಿನಿಂದ ಕರಿಮೋಡವೊಂದು ಎದ್ದು ಊರುಗಳ ಮೇಲೆ ಕವಿಯಿತು. ಮನೆಗಳೊಳಗೆ ಕತ್ತಲಾಯಿತು. ಇದ್ದಿಲನ್ನು ಅರೆದು ತೂರಿದಂತೆ ಬೂದಿ ಉದುರಿತು. ಆಮೇಲೆ ಹನಿದ ಜಿಟಿಜಿಟಿ ಮಳೆಗೆ ಅದು ಕಪ್ಪು ನೀರಾಗಿ ಹರಿಯಿತು. ಅದಕ್ಕೆ ಮುಂಚೆ ಕೆಲವು ವಾರಗಳಿಂದ ನೆಲ ಆಗಾಗ ನಡುಗುತ್ತಿದ್ದುದರಿಂದ ಜನ ಏನೋ ಆಗಲಿದೆ ಎಂದು ಹೆದರಿಯೇ ಇದ್ದರು.

ಈ ವಿವರಗಳನ್ನು ಬರೆದಿಟ್ಟವರು ಅಲ್ಲಿನ ಪಾದ್ರಿ ಯೋನ್ ಸ್ಟೇನ್‌ಗ್ರಿಮ್ಸನ್ (1728–1791). ಲಾಕಿ ಸ್ಫೋಟದ ಬಗ್ಗೆ ಇಂದು ನಮಗೆ ತಿಳಿದಿರುವುದರಲ್ಲಿ ದೊಡ್ಡ ಪಾಲು ಇವರ ಬರಹದಿಂದ ಬಂದದ್ದು. ಯಾವ ದಿನ ಯಾವ ಕಡೆಯಿಂದ ಗಾಳಿ ಬೀಸಿತು, ಬೂದಿಯ ಬಣ್ಣ ಯಾವುದು, ಕೆಂಡದ ಪ್ರವಾಹ ಯಾವ ಹೊಲಮನೆಯ ತನಕ ಬಂತು, ಯಾರ ದನ ಹೇಗೆ ಸತ್ತಿತು ಎಂಬುದನ್ನೆಲ್ಲ ಅವರು ಗಮನಿಸಿ ಬರೆದಿದ್ದಾರೆ. 1788ರಲ್ಲಿ ಮುಗಿಸಿದ ‘ಸೀಡಾದ ಬೆಂಕಿ’ಯ ವೃತ್ತಾಂತ ಒಂದು, ತಮ್ಮ ಹೆಣ್ಣುಮಕ್ಕಳಿಗಾಗಿ ಬರೆದ ಆತ್ಮಕಥೆ ಇನ್ನೊಂದು. ಅವರಿಗೆ ನಾಟಿ ವೈದ್ಯವೂ ತಿಳಿದಿತ್ತು, ಅಕ್ಕಪಕ್ಕದ ಊರುಗಳ ರೋಗಿಗಳನ್ನು ನೋಡುತ್ತಿದ್ದರು. 1755ರಲ್ಲಿ ಕಾಟ್ಲಾ ಜ್ವಾಲಾಮುಖಿ ಸಿಡಿದಾಗಲೂ ಅವರು ಆ ಭಾಗದಲ್ಲೇ ಇದ್ದರು. ಹೀಗಾಗಿ ಅವರ ಕಣ್ಣು ಪಳಗಿದ ಕಣ್ಣು. ಇದೆಲ್ಲ ಜನರ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದೇ ಅವರು ನಂಬಿದ್ದರು, ಆ ನಂಬಿಕೆಯನ್ನು ಮುಚ್ಚಿಡಲೂ ಇಲ್ಲ. ಆದರೂ ಕಂಡದ್ದನ್ನು ಬರೆಯುವಾಗ ನಂಬಿಕೆಗೆ ತಕ್ಕಂತೆ ತಿದ್ದಲಿಲ್ಲ. ಒಬ್ಬ ಇತಿಹಾಸಕಾರನಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ.

ಲಾಕಿಯ ಕಥೆಯನ್ನು ಸಾಮಾನ್ಯವಾಗಿ ಬೆಂಕಿಯ ಕಥೆಯಾಗಿ ಹೇಳುತ್ತಾರೆ. ದಾಖಲೆಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದರೆ ಬೇರೆಯೇ ಚಿತ್ರ ಮೂಡುತ್ತದೆ. ಉಕ್ಕಿ ಹರಿದ ಲಾವಾ ಹೊಲ, ಮನೆ, ಚರ್ಚುಗಳನ್ನು ನುಂಗಿತು ನಿಜ; ಆದರೆ ಜನ ಸತ್ತದ್ದು ಅದರಿಂದಲ್ಲ. ಗಾಳಿಗೆ ಸೇರಿದ ಅನಿಲ ಹುಲ್ಲಿಗೆ ಇಳಿಯಿತು, ಹುಲ್ಲಿನಿಂದ ಕುರಿ, ದನ, ಕುದುರೆಗಳ ಹೊಟ್ಟೆಗೆ ಹೋಯಿತು. ದನಕರು ಸತ್ತ ಮೇಲೆ ಮನುಷ್ಯರು ಹಸಿದರು. ಹಸಿದವರಿಗೆ ಧಾನ್ಯ ಎಲ್ಲಿಂದ, ಯಾವಾಗ ಬರಬೇಕು ಎಂಬುದನ್ನು ದೂರದ ಕೋಪನ್‌ಹೇಗನ್ನಿನ ಕಾನೂನು ತೀರ್ಮಾನಿಸುತ್ತಿತ್ತು. ಪ್ರಕೃತಿಯ ವಿನಾಶಶಕ್ತಿ ಎಂದು ನಾವು ಕರೆಯುವುದು ಈ ಸರಪಳಿಯ ಮೂಲಕವೇ ಕೆಲಸ ಮಾಡಿತು. ಈ ಲೇಖನ ಹಿಂಬಾಲಿಸುವುದು ಅದನ್ನೇ.

ಬಾಯ್ಬಿಟ್ಟ ನೆಲ

ಜ್ವಾಲಾಮುಖಿ ಎಂದರೆ ತುದಿಯಲ್ಲಿ ಕುಳಿಯಿರುವ ಶಂಕುವಿನಾಕಾರದ ಬೆಟ್ಟ ನಮ್ಮ ಕಣ್ಣಿಗೆ ಬರುತ್ತದೆ. ಇಲ್ಲಿ ಅಂತಹ ಬೆಟ್ಟ ಇರಲಿಲ್ಲ. ಲಾಕಿ ಎಂಬ ಬೆಟ್ಟವೊಂದು ಇದೆ, ಆದರೆ ಅದು ಸಿಡಿಯಲಿಲ್ಲ. ಅದರ ಎರಡೂ ಬದಿಯಲ್ಲಿ, ನೈರುತ್ಯದಿಂದ ಈಶಾನ್ಯಕ್ಕೆ, ಸುಮಾರು 27 ಕಿಲೋಮೀಟರ್ ಉದ್ದಕ್ಕೆ ನೆಲವೇ ಬಿರುಕುಬಿಟ್ಟಿತು. ಬಿರುಕು ಒಮ್ಮೆಗೇ ಬಾಯ್ಬಿಡಲಿಲ್ಲ. ನೈರುತ್ಯದ ತುದಿಯಿಂದ ಶುರುವಾಗಿ ಹಂತ ಹಂತವಾಗಿ ಹತ್ತು ಸೀಳುಗಳು ತೆರೆದುಕೊಂಡವು, ಪ್ರತಿ ಹಂತಕ್ಕೂ ಮುಂಚೆ ಭೂಕಂಪ, ಆಮೇಲೆ ಬೂದಿ, ಆಮೇಲೆ ಲಾವಾದ ಕಾರಂಜಿ. ಕೆಲವು ಕಾರಂಜಿಗಳು ಒಂದು ಕಿಲೋಮೀಟರಿಗೂ ಎತ್ತರಕ್ಕೆ ಚಿಮ್ಮಿದ್ದವೆಂದು ಇಂದಿನ ಲೆಕ್ಕಾಚಾರ ಹೇಳುತ್ತದೆ. ಬಿರುಕಿನುದ್ದಕ್ಕೂ 130ಕ್ಕೂ ಹೆಚ್ಚು ಕುಳಿಗಳು ಈಗಲೂ ಸಾಲಾಗಿ ನಿಂತಿವೆ, ಪಾಚಿ ಬೆಳೆದು ಹಸಿರಾಗಿವೆ.

ಎಂಟು ತಿಂಗಳು, ಎಂದರೆ 1784ರ ಫೆಬ್ರವರಿ 7ರ ತನಕ, ಇದು ನಡೆಯಿತು. ಹೊರಬಂದ ಲಾವಾ ಸುಮಾರು 15 ಘನ ಕಿಲೋಮೀಟರ್. ಅದು ಮುಚ್ಚಿದ ನೆಲ ಸುಮಾರು 600 ಚದರ ಕಿಲೋಮೀಟರ್. ಬಹುಪಾಲು ಮೊದಲ ಕೆಲವು ವಾರಗಳಲ್ಲೇ ಬಂತು. ಸ್ಕಾಫ್ಟಾ ನದಿ ಮೊದಲು ಬತ್ತಿತು, ಜನ ಆಶ್ಚರ್ಯಪಟ್ಟರು. ಜೂನ್ 12ರಂದು ಅದೇ ನದಿಯ ಆಳವಾದ ಕಮರಿಯಿಂದ ನೀರಿನ ಬದಲು ಕೆಂಡದ ಪ್ರವಾಹ ಬಯಲಿಗೆ ಇಳಿಯಿತು. ಕಮರಿ ತುಂಬಿ ನೆಲಸಮವಾಯಿತು. ಜುಲೈ ಕೊನೆಯಲ್ಲಿ ಲಾಕಿ ಬೆಟ್ಟದ ಈಶಾನ್ಯಕ್ಕೂ ಬಿರುಕು ತೆರೆದು, ಪೂರ್ವದ ಇನ್ನೊಂದು ನದಿ ಕಣಿವೆಯಲ್ಲೂ ಅದೇ ಕಥೆ ನಡೆಯಿತು. ಎರಡು ಕೆಂಡದ ಹೊಳೆಗಳ ನಡುವೆ ಸೀಡಾ ಸೀಮೆ ಸಿಕ್ಕಿಕೊಂಡಿತು.

ಕರ್ನಾಟಕದ ಓದುಗರಿಗೆ ಈ ಬಗೆಯ ಸ್ಫೋಟ ಪರಕೀಯವಲ್ಲ. ಬೆಳಗಾವಿ, ವಿಜಯಪುರ, ಕಲಬುರಗಿ ಭಾಗದ ಎರೆ ಭೂಮಿಯ ಕೆಳಗಿರುವ ಕಪ್ಪು ಕಲ್ಲು ಹುಟ್ಟಿದ್ದು ಹೀಗೆಯೇ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನ್ನಿನ ನೆಲ ಬಿರಿದು, ಪದರದ ಮೇಲೆ ಪದರ ಲಾವಾ ಹರಿದು, ಇಂದಿಗೂ ಸುಮಾರು ಐದು ಲಕ್ಷ ಚದರ ಕಿಲೋಮೀಟರ್ ನೆಲವನ್ನು ಹೊದ್ದುಕೊಂಡಿದೆ. ಗೋಲಗುಮ್ಮಟ ಕಟ್ಟಿದ್ದು ಆ ಕಲ್ಲಿನಿಂದಲೇ. ದಖನ್ನಿನ ಒಂದೊಂದು ಪ್ರವಾಹದ ಮುಂದೆಯೂ ಲಾಕಿ ಚಿಕ್ಕದಾಗಿ ಕಾಣಬಹುದು. ಆದರೆ ಮನುಷ್ಯ ನೋಡಿ ಬರೆದಿಟ್ಟ ಇಂತಹ ಬಿರುಕು ಸ್ಫೋಟಗಳಲ್ಲಿ ಇದರಷ್ಟು ದೊಡ್ಡದು, ಇದರಷ್ಟು ವಿವರವಾಗಿ ದಾಖಲಾದದ್ದು ಇನ್ನೊಂದಿಲ್ಲ. ಆದ್ದರಿಂದಲೇ ದಖನ್ನಿನ ಲಾವಾ ಗಾಳಿಗೆ ಎಷ್ಟು ಅನಿಲ ಉಗುಳಿರಬಹುದು ಎಂದು ಅಂದಾಜು ಮಾಡುವ ಭೂವಿಜ್ಞಾನಿಗಳು ಲಾಕಿಯನ್ನು ಮಾದರಿಯಾಗಿ ಇಟ್ಟುಕೊಳ್ಳುತ್ತಾರೆ. ಲಾಕಿಯ ಮೇಲೆ ಐಸ್‌ಲ್ಯಾಂಡಿನ ಥೋರ್ವಾಲ್ದುರ್ ಥೋರ್ದಾರ್‌ಸನ್ ಜೊತೆ ದುಡಿದ ಸ್ಟೀಫನ್ ಸೆಲ್ಫ್, ದಖನ್ನಿನ ಲಾವಾ ಪದರಗಳ ಮೇಲೂ ಮುಖ್ಯವಾದ ಕೆಲಸ ಮಾಡಿದವರು.

ಬೆಂಕಿಯ ಆರಾಧನೆ

ಜುಲೈ 20ರ ಭಾನುವಾರ ಲಾವಾ ಸ್ಕಾಫ್ಟಾದ ಹಳೆಯ ಪಾತ್ರದಲ್ಲಿ ಕಿರ್ಕ್ಯುಬೈಯಾರ್‌ಕ್ಲೌಸ್ಟುರ್ ಊರಿನ ಚರ್ಚಿನತ್ತ ಸಾಗುತ್ತಿತ್ತು. ಆ ದಿನ ಯೋನ್ ಊರವರನ್ನೆಲ್ಲ ಚರ್ಚಿಗೆ ಸೇರಿಸಿ ಪ್ರಾರ್ಥನೆ ಮಾಡಿಸಿದರು. ಅದೇ ಆ ಚರ್ಚಿನಲ್ಲಿ ನಡೆಯುವ ಕೊನೆಯ ಆರಾಧನೆ ಎಂದೇ ಎಲ್ಲರೂ ಬಂದಿದ್ದರು. ಗುಡುಗು ಮಿಂಚಿಗೆ ಚರ್ಚು ಅದುರುತ್ತಿದ್ದರೂ ಯಾರೂ ಹೊರಗೆ ಓಡಲಿಲ್ಲ. ಪ್ರಾರ್ಥನೆ ಮುಗಿದ ಮೇಲೆ ಹೋಗಿ ನೋಡಿದರೆ ಪ್ರವಾಹ ಮುಂದೆ ಬಂದಿರಲಿಲ್ಲ; ಅಲ್ಲೇ ಒಂದರ ಮೇಲೊಂದು ಪೇರಿಕೊಂಡು ನಿಂತಿತ್ತು. ಐಸ್‌ಲ್ಯಾಂಡಿನಲ್ಲಿ ಯೋನ್ ಅವರನ್ನು ಇಂದಿಗೂ ‘ಬೆಂಕಿಯ ಪಾದ್ರಿ’ ಎಂದು ಕರೆಯುವುದು ಇದಕ್ಕಾಗಿ.

ಈ ಪವಾಡವನ್ನು ಅಲ್ಲಗಳೆಯಲು ಹೊರಗಿನ ಸಾಕ್ಷಿ ಹುಡುಕಬೇಕಿಲ್ಲ. ಹೋಲ್ಟ್ಸಾ ಮತ್ತು ಫ್ಯಾಡ್ರಾ ಎಂಬ ಎರಡು ಹೊಳೆಗಳಿಗೆ ಲಾವಾ ಅಡ್ಡಗಟ್ಟಿತ್ತು, ಕಟ್ಟಿನಿಂತ ನೀರು ಮೇಲುಕ್ಕಿ ಕೆಂಡದ ಮೇಲೆ ಸುರಿಯಿತು ಎಂದು ಯೋನ್ ತಾವೇ ಬರೆದಿದ್ದಾರೆ. ತಣ್ಣೀರು ಬಿದ್ದು ಪ್ರವಾಹದ ಮೂತಿ ಗಟ್ಟಿಯಾದದ್ದೇ ಅದು ನಿಲ್ಲಲು ಕಾರಣ ಎಂದು ಇಂದಿನ ವಿಜ್ಞಾನ ಹೇಳುತ್ತದೆ. ದೇವರ ಕೃಪೆ ಎಂದು ನಂಬಿದವರು ನೀರಿನ ಸಂಗತಿಯನ್ನು ಬಿಡಬಹುದಿತ್ತು, ಅವರು ಬಿಡಲಿಲ್ಲ. ನನಗೆ ಯೋನ್ ಮೇಲೆ ಗೌರವ ಹುಟ್ಟಿಸುವುದು ಆ ದಿನದ ಧೈರ್ಯಕ್ಕಿಂತ ಈ ಸಾಲುಗಳು.

ಚರ್ಚು ಉಳಿಯಿತು. ಆದರೆ ಆ ಹೊತ್ತಿಗಾಗಲೇ ಊರಿನ ಸಾವು ಹುಲ್ಲುಗಾವಲಿಗೆ ಇಳಿದಾಗಿತ್ತು.

ಕುರಿಯ ಬಾಯಿ

ಲಾಕಿ ಗಾಳಿಗೆ ಸುಮಾರು 12 ಕೋಟಿ ಟನ್ ಗಂಧಕದ ಡೈಆಕ್ಸೈಡ್ ಉಗುಳಿತೆಂದು ಥೋರ್ದಾರ್‌ಸನ್ ಮತ್ತು ಸೆಲ್ಫ್ ಲೆಕ್ಕ ಹಾಕಿದ್ದಾರೆ. 1991ರಲ್ಲಿ ಫಿಲಿಪ್ಪೀನ್ಸಿನ ಪಿನಟುಬೋ ಹೊರಹಾಕಿದ್ದು ಅದರ ಆರನೇ ಒಂದು ಭಾಗದಷ್ಟು ಅಥವಾ ಅದಕ್ಕೂ ಕಡಿಮೆ. ಗಂಧಕದ ಜೊತೆಗೆ ಕ್ಲೋರಿನ್ನೂ ಫ್ಲೋರಿನ್ನೂ ಬಂದವು. ಗಂಧಕ ತೇವಾಂಶ ಸೇರಿ ಆಮ್ಲದ ಮಂಜಾಯಿತು. ಯೋನ್ ಬರೆದಂತೆ, ಆಗಷ್ಟೇ ಉಣ್ಣೆ ಕತ್ತರಿಸಿದ ಕುರಿಗಳ ಮೈಮೇಲೆ ಮಳೆಹನಿ ಬಿದ್ದಲ್ಲಿ ಸುಟ್ಟ ಕಲೆಯಾಗುತ್ತಿತ್ತು, ಎಲೆಗಳಲ್ಲಿ ತೂತು ಬೀಳುತ್ತಿತ್ತು, ಮನುಷ್ಯರ ಚರ್ಮ ಉರಿಯುತ್ತಿತ್ತು. ಹುಲ್ಲು ಬುಡದ ತನಕ ಒಣಗಿತು.

ಫ್ಲೋರಿನ್ನಿನ ಕೆಲಸ ಇನ್ನೂ ಒಳಗಿನದು. ಅದು ಸಣ್ಣ ಬೂದಿಯ ಕಣಗಳಿಗೆ ಅಂಟಿಕೊಂಡು ದೂರ ದೂರ ಹೋಗುತ್ತದೆ. ಬೂದಿ ಎಷ್ಟು ಸಣ್ಣದೋ ಅದರ ಮೈ ಅಷ್ಟು ಹೆಚ್ಚು, ಅಂಟುವ ವಿಷವೂ ಹೆಚ್ಚು. ಹೀಗಾಗಿ ಕಣ್ಣಿಗೆ ಅಷ್ಟಾಗಿ ಕಾಣದಷ್ಟು ತೆಳುವಾಗಿ ಬೂದಿ ಬಿದ್ದ ಕಡೆಯೂ ಮೇವು ವಿಷವಾಗುತ್ತದೆ. ಕುರಿ ನೆಲಕ್ಕೆ ಬಾಯಿ ಹಚ್ಚಿ ಬುಡದ ತನಕ ಮೇಯುವ ಪ್ರಾಣಿ. ಹುಲ್ಲಿನ ಜೊತೆ ಬೂದಿಯನ್ನೂ ಮಣ್ಣನ್ನೂ ತಿನ್ನುತ್ತದೆ. ಆದ್ದರಿಂದ ಮೊದಲು ಬಿದ್ದದ್ದು ಕುರಿಗಳೇ.

ಯೋನ್ ಅವರ ಬರಹದಲ್ಲಿ ಪ್ರಾಣಿಗಳ ಕಾಯಿಲೆಯ ಪುಟಗಳನ್ನು ಓದುವುದು ಕಷ್ಟ. ಕುದುರೆಗಳ ಮೈಮಾಂಸ ಕರಗಿ, ಬೆನ್ನೆಲುಬಿನುದ್ದಕ್ಕೂ ಚರ್ಮ ಕೊಳೆಯಿತು. ಬಾಲದ, ಜೂಲಿನ ಕೂದಲು ಮುಟ್ಟಿದರೆ ಕಿತ್ತು ಬರುತ್ತಿತ್ತು. ಕೀಲುಗಳಲ್ಲಿ ಗಟ್ಟಿ ಗಂಟುಗಳೆದ್ದವು. ಕುರಿಗಳ ಸ್ಥಿತಿ ಇನ್ನೂ ಕೆಟ್ಟದ್ದು. ದವಡೆಯ ಮೂಳೆ ಉಬ್ಬಿ ಚರ್ಮದ ಹೊರಗೆ ತಳ್ಳಿಕೊಂಡು ಬಂತು, ಪಕ್ಕೆಲುಬುಗಳ ಮೇಲೆ, ಕಾಲಿನ ಮೂಳೆಗಳ ಮೇಲೆ ಗಂಟುಗಳಾದವು. ಬಾಯಿ ಊದಿಕೊಂಡ ಪ್ರಾಣಿಗೆ ಎದುರಿಗೆ ಮೇವಿದ್ದರೂ ಜಗಿಯಲಾಗುತ್ತಿರಲಿಲ್ಲ. ಮೂಳೆ ಮುಟ್ಟಿದರೆ ಮುರಿಯುವಷ್ಟು ಟೊಳ್ಳಾಯಿತು.

ಇಂದು ಇದನ್ನು ಓದುವ ಪಶುವೈದ್ಯರಿಗೆ ಕಾಯಿಲೆ ಯಾವುದೆಂದು ಹೇಳಲು ಹೊತ್ತು ಬೇಕಿಲ್ಲ: ಅದು ಫ್ಲೋರೋಸಿಸ್. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯವರಿಗೂ ಈ ಹೆಸರು ಗೊತ್ತು. ಅಲ್ಲಿ ಫ್ಲೋರೈಡ್ ಬರುವುದು ಜ್ವಾಲಾಮುಖಿಯ ಬೂದಿಯಿಂದಲ್ಲ, ಗಟ್ಟಿಶಿಲೆಯ ಆಳದಿಂದ ಎತ್ತಿದ ಕೊಳವೆಬಾವಿಯ ನೀರಿನಿಂದ. ವರ್ಷಗಟ್ಟಲೆ ಆ ನೀರು ಕುಡಿದವರ ಹಲ್ಲು ಕಂದುಗಟ್ಟುತ್ತದೆ, ಮೊಣಕಾಲು, ಬೆನ್ನು ಬಾಗುತ್ತವೆ. ಭಾರತದಲ್ಲಿ ಮೂಳೆಯ ಫ್ಲೋರೋಸಿಸ್ಸನ್ನು ವೈದ್ಯರು ಮೊದಲು ವಿವರಿಸಿದ್ದು 1937ರಲ್ಲಿ, ಆಗಿನ ಮದರಾಸು ಪ್ರಾಂತ್ಯದ ನೆಲ್ಲೂರು ಭಾಗದಲ್ಲಿ. ಅದಕ್ಕೆ ಒಂದೂವರೆ ಶತಮಾನ ಮೊದಲೇ, ರೋಗದ ಹೆಸರೂ ಕಾರಣವೂ ತಿಳಿಯದೆ, ಯೋನ್ ಲಕ್ಷಣಗಳನ್ನು ಅಷ್ಟು ಸ್ಪಷ್ಟವಾಗಿ ಬರೆದಿದ್ದರು. ನಮ್ಮ ಹಳ್ಳಿಗಳಲ್ಲಿ ಹತ್ತಾರು ವರ್ಷಗಳಲ್ಲಿ ನಿಧಾನವಾಗಿ ಆಗುವುದು ಅಲ್ಲಿ ಕೆಲವೇ ತಿಂಗಳುಗಳಲ್ಲಿ ಆಯಿತು.

ಐಸ್‌ಲ್ಯಾಂಡಿನ ಕುರಿಗಳಲ್ಲಿ ಹತ್ತಿರ ಹತ್ತಿರ ಶೇ. 80ರಷ್ಟು ಸತ್ತವು. ದನಗಳಲ್ಲಿ ಅರ್ಧದಷ್ಟು ಹೋದವು, ಕುದುರೆಗಳಲ್ಲೂ ಅರ್ಧಕ್ಕಿಂತ ಹೆಚ್ಚು.

ಹಸಿವು ಮತ್ತು ಮೊಹರು ಹಾಕಿದ ಪೆಟ್ಟಿಗೆ

ಆ ದ್ವೀಪದಲ್ಲಿ ಬೇಸಾಯವೆಂದರೆ ಹುಲ್ಲು ಬೆಳೆಯುವುದು. ಧಾನ್ಯ ಅಲ್ಲಿ ಬೆಳೆಯುತ್ತಿರಲಿಲ್ಲ. ಬೇಸಿಗೆಯಲ್ಲಿ ಹುಲ್ಲು ಕೊಯ್ದು ಒಣಗಿಸಿ ಬಣವೆ ಹಾಕಿದರೆ ಚಳಿಗಾಲಕ್ಕೆ ದನಕರು ಬದುಕುತ್ತವೆ. ಅವು ಬದುಕಿದರೆ ಹಾಲು, ಬೆಣ್ಣೆ, ಮಾಂಸ, ಉಣ್ಣೆ. ಆ ವರ್ಷ ಕೊಯ್ಯಲು ಹುಲ್ಲೇ ಇರಲಿಲ್ಲ. ಕರಾವಳಿಯಲ್ಲಿ ಮೀನು ಇತ್ತು, ಆದರೆ ಒಣಮೀನನ್ನು ಒಳನಾಡಿಗೆ ಹೊತ್ತು ತರುವ ಕುದುರೆಗಳು ಸತ್ತಿದ್ದವು. ಜನ ಚರ್ಮವನ್ನೂ ಚರ್ಮದ ಹಗ್ಗವನ್ನೂ ಬೇಯಿಸಿ ತಿಂದರು, ಹುಲ್ಲನ್ನು ಕುಟ್ಟಿ ಹಿಟ್ಟಿಗೆ ಬೆರೆಸಿದರು. ವಸಡು ಊದಿ, ಕೂದಲುದುರಿ, ಕೈಕಾಲು ಮರಗಟ್ಟಿ ಸತ್ತರು. ಅವರಲ್ಲಿ ಎಷ್ಟು ಮಂದಿ ಫ್ಲೋರಿನ್ನಿಗೆ ಬಲಿಯಾದರು, ಎಷ್ಟು ಮಂದಿ ಹಸಿವಿಗೆ, ಅದರ ಬೆನ್ನಿಗೇ ಬರುವ ಸ್ಕರ್ವಿ, ಆಮಶಂಕೆಗಳಿಗೆ ಬಲಿಯಾದರು ಎಂಬ ಬಗ್ಗೆ ವಿದ್ವಾಂಸರಲ್ಲಿ ಚರ್ಚೆಯಿದೆ. ಹಸಿವಿನ ಪಾಲೇ ದೊಡ್ಡದೆಂಬುದು ಹೆಚ್ಚಿನವರ ಮತ. ಸುಮಾರು 50,000 ಜನಸಂಖ್ಯೆಯ ದೇಶದಲ್ಲಿ ಐದರಲ್ಲೊಬ್ಬರು ಹೋದರು. 1784ರ ಆಗಸ್ಟಿನಲ್ಲಿ ದಕ್ಷಿಣದ ಬಯಲಿನಲ್ಲಿ ಭಾರೀ ಭೂಕಂಪಗಳಾಗಿ, ಶತಮಾನಗಳಿಂದ ಬಿಷಪ್ಪರ ಪೀಠವಾಗಿದ್ದ ಸ್ಕಾಲ್‌ಹೋಲ್ಟ್ ಕೂಡ ಕುಸಿಯಿತು. ಆಮೇಲೆ ಸಿಡುಬು ಬಂತು.

ಇಲ್ಲಿ ಪ್ರಕೃತಿಯನ್ನು ಮಾತ್ರ ದೂರಿ ಮುಂದೆ ಹೋಗುವುದು ನ್ಯಾಯವಲ್ಲ. 1602ರಿಂದ ಐಸ್‌ಲ್ಯಾಂಡಿನ ವ್ಯಾಪಾರವೆಲ್ಲ ಡೆನ್ಮಾರ್ಕಿನ ದೊರೆಯ ಅಪ್ಪಣೆ ಪಡೆದವರ ಕೈಯಲ್ಲಿತ್ತು. ಬೇರೆ ಯಾವ ದೇಶದ ಹಡಗಿನಿಂದಲೂ ಒಂದು ಸೇರು ಹಿಟ್ಟು ಕೊಳ್ಳುವಂತಿರಲಿಲ್ಲ. ಧಾನ್ಯದ ಹಡಗುಗಳು ಬರುತ್ತಿದ್ದುದೇ ಬೇಸಿಗೆಯಲ್ಲಿ. ಸ್ಫೋಟದ ಸುದ್ದಿ ಕೋಪನ್‌ಹೇಗನ್ ಮುಟ್ಟಿದ್ದು ಬೇಸಿಗೆ ಕಳೆದ ಮೇಲೆ. ಸ್ಥಿತಿಗತಿ ನೋಡಿ ಬರಲು ಅಕ್ಟೋಬರಿನಲ್ಲಿ ಹೊರಟ ಹಡಗಿನಲ್ಲಿ ಮಗ್ನೂಸ್ ಸ್ಟೆಫೆನ್ಸನ್ ಎಂಬ ಐಸ್‌ಲ್ಯಾಂಡಿನ ತರುಣ ಇದ್ದ. ಬಿರುಗಾಳಿಯ ದೆಸೆಯಿಂದ ಆ ಹಡಗು ನಾರ್ವೆಯಲ್ಲೇ ಚಳಿಗಾಲ ಕಳೆದು, ಊರು ತಲುಪಿದ್ದು 1784ರ ಏಪ್ರಿಲಿನಲ್ಲಿ. ಆ ಚಳಿಗಾಲವೇ ಜನ ಸಾಯುತ್ತಿದ್ದ ಚಳಿಗಾಲ. ಮಗ್ನೂಸ್ ಬರೆದ ವರದಿ 1785ರಲ್ಲಿ ಅಚ್ಚಾಯಿತು. ಎರಡು ವರ್ಷದ ಮೇಲೆ, 1787ರಲ್ಲಿ, ಏಕಸ್ವಾಮ್ಯ ಕೊನೆಗೊಂಡಿತು.

ಯೋನ್ ಅವರ ಮೇಲೆ ನಡೆದ ವಿಚಾರಣೆ ಈ ಆಡಳಿತದ ಸ್ವಭಾವವನ್ನು ಯಾವ ಅಂಕಿಅಂಶಕ್ಕಿಂತಲೂ ಚೆನ್ನಾಗಿ ತೋರಿಸುತ್ತದೆ. 1784ರಲ್ಲಿ ಅವರು ರಾಜ್ಯಪಾಲರ ಬೀಡಾದ ಬೆಸ್ಸಾಸ್ಟಾಡಿರ್‌ಗೆ ನೆರವು ಕೇಳಲು ಹೋದರು. ಅಲ್ಲಿ ಅವರ ಕೈಗೆ ಮೊಹರು ಹಾಕಿದ ಹಣದ ಪೆಟ್ಟಿಗೆಯೊಂದನ್ನು ಕೊಟ್ಟು, ತಮ್ಮ ಸೀಮೆಯ ಅಧಿಕಾರಿಗೆ ತಲುಪಿಸುವಂತೆ ಹೇಳಿದರು. ಹಂಚುವುದು ಆತನ ಕೆಲಸ. ದಾರಿಯಲ್ಲಿ ತಮ್ಮ ಊರುಗಳ ಜನ ಎದುರಾದರು. ಕೈಯಲ್ಲಿ ಕಾಸಿದ್ದರೆ ಒಂದು ಹಸುವನ್ನೋ ಕುರಿಯನ್ನೋ ಕೊಂಡು ಮತ್ತೆ ಬದುಕು ಶುರು ಮಾಡಬಹುದು ಎಂದು ಕಾದಿದ್ದ ಜನ. ಯೋನ್ ಮೊಹರು ಒಡೆದು ಒಂದಷ್ಟು ಹಣ ಹಂಚಿದರು, ಯಾರಿಗೆ ಎಷ್ಟು ಎಂದು ಲೆಕ್ಕ ಬರೆದಿಟ್ಟು ಉಳಿದದ್ದನ್ನು ಒಪ್ಪಿಸಿದರು. ಮೊಹರು ಒಡೆದದ್ದು ಅಪರಾಧವಾಯಿತು. ದಂಡ ತೆತ್ತು, ಎಲ್ಲರೆದುರು ಕ್ಷಮೆ ಕೇಳಬೇಕಾಯಿತು. ಅದೇ ವರ್ಷ ಅವರ ಹೆಂಡತಿ ತೀರಿಕೊಂಡಿದ್ದರು. ಹಸಿವಿನ ಆ ದಿನಗಳಲ್ಲೂ ತಮ್ಮ ಊರು ಬಿಟ್ಟು ಹೋಗದ ಈ ಮನುಷ್ಯ ಮುಂದೆ ಬದುಕಿದ ಏಳು ವರ್ಷವೂ ಆ ಅವಮಾನವನ್ನು ಮರೆಯಲಿಲ್ಲ ಎಂಬುದು ಆತ್ಮಕಥೆಯ ಧಾಟಿಯಲ್ಲೇ ತಿಳಿಯುತ್ತದೆ.

ಯುರೋಪಿನ ಒಣ ಮಂಜು

ಜೂನ್ ಮೂರನೆಯ ವಾರದ ಹೊತ್ತಿಗೆ ಯುರೋಪಿನ ಬಹುಪಾಲು ಊರುಗಳ ಮೇಲೆ ಮಬ್ಬು ಕವಿದಿತ್ತು. ಮಳೆ ಬಂದರೂ ಗಾಳಿ ಬೀಸಿದರೂ ಚದುರದ, ಗಂಧಕದ ವಾಸನೆಯ ಒಣ ಮಂಜು. ಇಂಗ್ಲೆಂಡಿನ ಸೆಲ್ಬೋರ್ನ್ ಹಳ್ಳಿಯ ಪಾದ್ರಿ, ನಿಸರ್ಗ ವೀಕ್ಷಕ ಗಿಲ್ಬರ್ಟ್ ವೈಟ್ ಇದನ್ನು ಜೂನ್ 23ರಿಂದ ಜುಲೈ 20ರವರೆಗೆ ಗುರುತು ಹಾಕಿದ. ನಡುಹಗಲಲ್ಲೂ ಸೂರ್ಯ ಮೋಡದ ಚಂದ್ರನಷ್ಟೇ ಮಂಕಾಗಿದ್ದನೆಂದೂ ಕೋಣೆಯ ನೆಲದ ಮೇಲೆ ಬೀಳುತ್ತಿದ್ದ ಬೆಳಕು ತುಕ್ಕಿನ ಬಣ್ಣದ್ದಾಗಿತ್ತೆಂದೂ, ಸೆಕೆ ಎಷ್ಟಿತ್ತೆಂದರೆ ಕಡಿದ ಮಾಂಸ ಮರುದಿನಕ್ಕೆ ಉಳಿಯುತ್ತಿರಲಿಲ್ಲವೆಂದೂ ಬರೆದ.

ಕಾರಣ ಏನೆಂದು ಯಾರಿಗೂ ಗೊತ್ತಿರಲಿಲ್ಲ. ಫೆಬ್ರವರಿಯಲ್ಲಿ ಇಟಲಿಯ ಕಲಾಬ್ರಿಯಾದಲ್ಲಿ ಭೀಕರ ಭೂಕಂಪವಾಗಿತ್ತು. ಬಿರಿದ ನೆಲದಿಂದ ಎದ್ದ ಆವಿ ಎಂದರು ಕೆಲವರು. ಪ್ಯಾರಿಸ್ಸಿನಲ್ಲಿ ಲೋಕಾಂತ್ಯದ ಭೀತಿ ಹರಡಿದಾಗ ಖಗೋಳಶಾಸ್ತ್ರಜ್ಞ ಲಾಲಾಂಡ್ ಪತ್ರಿಕೆಗೆ ಬರೆದು ಜನರಿಗೆ ಧೈರ್ಯ ಹೇಳಬೇಕಾಯಿತು. ಇದೇ ಜೂನ್ 4ರಂದು ಮಾಂಗೋಲ್ಫಿಯೇ ಸಹೋದರರು ಆನೋನೇ ಪಟ್ಟಣದಲ್ಲಿ ತಮ್ಮ ಬಿಸಿಗಾಳಿಯ ಬಲೂನನ್ನು ಹಾರಿಸಿದ್ದರು. ಗಾಳಿಯ ಬಗ್ಗೆ ಯುರೋಪು ಅಷ್ಟು ಕುತೂಹಲದಿಂದ ಮಾತಾಡಿದ ಬೇಸಿಗೆ ಹಿಂದೆ ಇರಲಿಲ್ಲ. ಮಂಜನ್ನು ಐಸ್‌ಲ್ಯಾಂಡಿನ ಜ್ವಾಲಾಮುಖಿಗೆ ಗಂಟುಹಾಕಿದ ಕೀರ್ತಿಯನ್ನು ಬೆಂಜಮಿನ್ ಫ್ರಾಂಕ್ಲಿನ್‌ಗೆ ಕೊಡುವುದು ವಾಡಿಕೆ. ಆತ ಆಗ ಫ್ರಾನ್ಸಿನಲ್ಲಿ ಅಮೆರಿಕದ ರಾಯಭಾರಿ. 1784ರ ಮೇ ತಿಂಗಳಲ್ಲಿ ಬರೆದ ಪ್ರಬಂಧದಲ್ಲಿ ಮಂಜು ಸೂರ್ಯನ ಕಿರಣ ತಡೆದದ್ದೇ ಆ ವರ್ಷದ ಕಡುಚಳಿಗೆ ಕಾರಣವಿರಬಹುದೆಂದು ಊಹಿಸಿದ. ಆದರೆ ಮೊಂಪೆಲಿಯೇ ನಗರದ ನಿಸರ್ಗಶಾಸ್ತ್ರಜ್ಞ ಮೂರ್ಗ್ ದ ಮಾಂಟ್ರೆಡಾನ್, 1783ರ ಆಗಸ್ಟಿನಲ್ಲೇ ಐಸ್‌ಲ್ಯಾಂಡಿನತ್ತ ಬೊಟ್ಟು ಮಾಡಿದ್ದ. ಮೊದಲ ಶ್ರೇಯಸ್ಸು ಅವನಿಗೆ ಸಲ್ಲಬೇಕು. ಚಳಿಗೂ ಮಂಜಿಗೂ ಸಂಬಂಧ ಕಟ್ಟಿದ್ದು ಫ್ರಾಂಕ್ಲಿನ್‌ನ ಸ್ವಂತದ್ದು, ಅದನ್ನು ಅವನಿಂದ ಕಿತ್ತುಕೊಳ್ಳಬೇಕಾಗಿಲ್ಲ.

ಇಂಗ್ಲೆಂಡಿನಲ್ಲಿ ಸತ್ತವರ ಲೆಕ್ಕ ಹೊರಬಂದದ್ದು ಎರಡು ಶತಮಾನಗಳ ಮೇಲೆ. 404 ಚರ್ಚುಗಳ ಶವಸಂಸ್ಕಾರದ ದಾಖಲೆಗಳನ್ನು ಜನಸಂಖ್ಯೆಯ ಅಧ್ಯಯನಕ್ಕಾಗಿ ಕೇಂಬ್ರಿಜ್ಜಿನ ವಿದ್ವಾಂಸರು ಕಲೆಹಾಕಿದ್ದರು. ಅವನ್ನೇ ಇಟ್ಟುಕೊಂಡು ಕ್ಲೇರ್ ವಿಥಮ್ ಮತ್ತು ಕ್ಲೈವ್ ಆಪನ್‌ಹೈಮರ್ ನೋಡಿದಾಗ, 1783ರ ಆಗಸ್ಟ್–ಸೆಪ್ಟೆಂಬರಿನಲ್ಲೂ 1784ರ ಜನವರಿ–ಫೆಬ್ರವರಿಯಲ್ಲೂ ಸಾವು ಏರಿದ್ದು, ಒಟ್ಟು ಸುಮಾರು 20,000 ಹೆಚ್ಚುವರಿ ಸಾವುಗಳಾದದ್ದು ಕಂಡಿತು. ಚಳಿಗಾಲದ ಸಾವುಗಳನ್ನು ಲಾಕಿಯ ಲೆಕ್ಕಕ್ಕೆ ಎಷ್ಟು ಬರೆಯಬಹುದು ಎಂಬುದು ವಿವಾದದ ವಿಷಯ. 1783–84ರ ಕಡುಚಳಿಗೆ ಅಟ್ಲಾಂಟಿಕ್ಕಿನ ಗಾಳಿಯ ಸಹಜ ಏರಿಳಿತ ಮತ್ತು ಎಲ್ ನಿನೋ ಸಾಕೆಂದು ರೋಸನ್ ಡಾರಿಗೋ ಮತ್ತು ಸಂಗಡಿಗರು 2011ರಲ್ಲಿ ವಾದಿಸಿದರು. ಆ ಜುಲೈನ ಸೆಕೆಯೂ ಲಾಕಿಯದಲ್ಲ, ಲಾಕಿ ಇಲ್ಲದಿದ್ದರೆ ಇನ್ನೂ ಹೆಚ್ಚು ಸೆಕೆ ಇರುತ್ತಿತ್ತೆಂದು 2019ರ ಒಂದು ಅಧ್ಯಯನ ತೋರಿಸಿತು. ಫ್ರೆಂಚ್ ಕ್ರಾಂತಿಗೂ ಲಾಕಿಯೇ ಕಾರಣ ಎಂಬ ಮಾತು ಜನಪ್ರಿಯ ಪುಸ್ತಕಗಳಲ್ಲಿ ಸಿಗುತ್ತದೆ. ಕ್ರಾಂತಿಯ ಹಿಂದಿನ ವರ್ಷದ ಬೆಳೆನಾಶಕ್ಕೆ 1788ರ ಬರ ಮತ್ತು ಆಲಿಕಲ್ಲಿನ ಮಳೆ ಕಾರಣ. ಐದು ವರ್ಷ ಹಿಂದಿನ ಮಂಜನ್ನು ಅದಕ್ಕೆ ಎಳೆದು ತರಲು ಆಧಾರವಿಲ್ಲ.

ಕೈಕೊಟ್ಟ ಮಳೆ

ಆಧಾರ ಗಟ್ಟಿಯಿರುವುದು ಆಫ್ರಿಕದ ಕಡೆ. ಉತ್ತರ ಗೋಳಾರ್ಧದ ನೆಲ ಬೇಸಿಗೆಯಲ್ಲಿ ಕಾದರೆ ತಾನೇ ಸಮುದ್ರದಿಂದ ಮಳೆಯ ಗಾಳಿ ಒಳಗೆ ಬರುವುದು. ಉತ್ತರದ ಆಕಾಶದಲ್ಲಿ ಗಂಧಕದ ಮಬ್ಬು ನಿಂತು ನೆಲ ಕಾಯದೆ ಹೋದರೆ ಆ ಸೆಳೆತವೇ ಸೋಲುತ್ತದೆ. ಲೂಕ್ ಓಮನ್, ಅಲನ್ ರೋಬಾಕ್ ಮತ್ತಿತರರು 2006ರಲ್ಲಿ ಪ್ರಕಟಿಸಿದ ಹವಾಮಾನ ಮಾದರಿ, 1783ರ ಬೇಸಿಗೆಯಲ್ಲಿ ಆಫ್ರಿಕ ಮತ್ತು ಭಾರತದ ಮುಂಗಾರು ಕ್ಷೀಣಿಸಿದ್ದನ್ನು ತೋರಿಸಿತು. ನೈಲ್ ನದಿಯ ಮಟ್ಟದ ಹಳೆಯ ದಾಖಲೆಗಳು ಅದಕ್ಕೆ ಹೊಂದಿಕೊಂಡವು. ಆಗ ಈಜಿಪ್ಟಿನಲ್ಲೇ ಇದ್ದ ಫ್ರೆಂಚ್ ಪ್ರವಾಸಿ ವೋಲ್ನೇ, ನೈಲ್ ಏರದೆ ಬಿತ್ತನೆಯಾಗದೆ ಬಂದ ಬರವನ್ನು ಕಣ್ಣಾರೆ ಕಂಡು ಬರೆದಿದ್ದಾನೆ. 1785ರ ಆರಂಭದ ಹೊತ್ತಿಗೆ ದೇಶದ ಆರನೇ ಒಂದು ಭಾಗ ಜನ ಸತ್ತಿದ್ದರು ಅಥವಾ ಊರು ಬಿಟ್ಟಿದ್ದರು ಎಂಬುದು ಅವನ ಅಂದಾಜು.

ಭಾರತದ ವಿಷಯದಲ್ಲಿ ಇಷ್ಟು ಧೈರ್ಯವಾಗಿ ಹೇಳಬಾರದು ಎಂಬುದು ನನ್ನ ಅಭಿಪ್ರಾಯ. 1783–84ರಲ್ಲಿ ದೆಹಲಿ, ಪಂಜಾಬು, ರಾಜಸ್ಥಾನ, ಕಾಶ್ಮೀರಗಳನ್ನು ಬರಿದು ಮಾಡಿದ ಚಾಲೀಸಾ ಬರಗಾಲ, ವಿಕ್ರಮ ಸಂವತ್ 1840ರಲ್ಲಿ ಬಂದದ್ದರಿಂದ ಆ ಹೆಸರು ಪಡೆಯಿತು. ಹಳ್ಳಿಗೆ ಹಳ್ಳಿಗಳೇ ಖಾಲಿಯಾದವು. ವಾರನ್ ಹೇಸ್ಟಿಂಗ್ಸ್ ಪಾಟ್ನಾದಲ್ಲಿ ಧಾನ್ಯ ಕೂಡಿಡಲು ಗೋಲಘರ್ ಎಂಬ ದೈತ್ಯ ಕಣಜ ಕಟ್ಟಿಸಲು ಆಜ್ಞೆ ಮಾಡಿದ್ದು 1784ರ ಜನವರಿಯಲ್ಲಿ. ಜಾನ್ ಗಾರ್ಸ್ಟಿನ್ ಅದನ್ನು 1786ರಲ್ಲಿ ಮುಗಿಸಿದ. ಕಾಲ ಹೊಂದುತ್ತದೆ, ಮಾದರಿಯ ಲೆಕ್ಕವೂ ಹೊಂದುತ್ತದೆ. ಆದರೆ ಉತ್ತರದ ಹಲವೆಡೆ ಮಳೆ ಕೈಕೊಡಲು ಶುರುವಾದದ್ದು ಲಾಕಿ ಬಿರಿಯುವ ಮೊದಲೇ. 1782ರಲ್ಲಿ ಮಿರ್ಜಾ ನಜಫ್ ಖಾನ್ ಸತ್ತ ಮೇಲೆ ದೆಹಲಿಯ ಆಡಳಿತ ಕುಸಿದಿತ್ತು, ಬರ ಬಂದ ನಾಡಿನಲ್ಲಿ ದಂಡುಗಳು ತಿರುಗುತ್ತಿದ್ದವು. ಬಳಲಿದ್ದ ಮುಂಗಾರನ್ನು ಲಾಕಿ ಇನ್ನಷ್ಟು ತಗ್ಗಿಸಿತು ಎನ್ನುವಷ್ಟಕ್ಕೆ ನಿಲ್ಲುವುದು ಸರಿ. ಲಕ್ಷಗಟ್ಟಲೆ ಸಾವನ್ನು ಒಂದೇ ಬಿರುಕಿಗೆ ಬರೆದರೆ, ಐಸ್‌ಲ್ಯಾಂಡಿನಲ್ಲಿ ಡೇನಿಷ್ ವ್ಯಾಪಾರವನ್ನು ಮರೆತಂತೆ ಇಲ್ಲಿಯೂ ಮನುಷ್ಯರ ಪಾಲನ್ನು ಮರೆತಂತಾಗುತ್ತದೆ.

ಆ ಬಿರುಕನ್ನು ಹತ್ತಿರ ಹೋಗಿ ನೋಡಿ ವಿವರಿಸಿದವರು ಸ್ವೇನ್ ಪೌಲ್ಸನ್ ಎಂಬ ವೈದ್ಯ, ಅದೂ 1794ರಲ್ಲಿ. ಅಲ್ಲಿಂದ ಗ್ರೀನ್‌ಲ್ಯಾಂಡಿನ ಮಂಜುಗಡ್ಡೆಯ ಪದರಗಳಲ್ಲಿ 1783ರ ಗಂಧಕವನ್ನು ಅಳೆಯುವ ತನಕ ವಿಜ್ಞಾನ ಬಂದಿದೆ. 2011ರಲ್ಲಿ ಆನ್ಯಾ ಶ್ಮಿಟ್ ಮತ್ತು ಸಂಗಡಿಗರು, ಲಾಕಿಯಂತಹ ಸ್ಫೋಟ ಈಗ ಆದರೆ ಯುರೋಪಿನಲ್ಲಿ ಮೊದಲ ವರ್ಷದಲ್ಲೇ ಸುಮಾರು 1,42,000 ಮಂದಿ ಹೃದಯ, ಶ್ವಾಸಕೋಶದ ತೊಂದರೆಗಳಿಂದ ಹೆಚ್ಚುವರಿಯಾಗಿ ಸಾಯಬಹುದೆಂದು ಲೆಕ್ಕ ಹಾಕಿದರು. ಮರುವರ್ಷ ಬ್ರಿಟನ್ ತನ್ನ ರಾಷ್ಟ್ರೀಯ ಅಪಾಯಗಳ ಪಟ್ಟಿಗೆ ಈ ಬಗೆಯ ಸ್ಫೋಟವನ್ನು ಸೇರಿಸಿತು. 2014–15ರಲ್ಲಿ ಐಸ್‌ಲ್ಯಾಂಡಿನ ಹೋಲುಹ್ರೌನ್‌ನಲ್ಲಿ ನೆಲ ಬಿರಿದು ಆರು ತಿಂಗಳು ಲಾವಾ ಹರಿಯಿತು. ಲಾಕಿಯ ನಂತರ ಆ ದೇಶದ ಅತಿ ದೊಡ್ಡ ಲಾವಾ ಪ್ರವಾಹ ಅದೇ, ಆದರೂ ಲಾಕಿಯ ಹತ್ತನೇ ಒಂದು ಭಾಗದಷ್ಟು.

ದಕ್ಷಿಣ ಭಾರತದ ಮಟ್ಟಿಗೆ ಮಾಡಬೇಕಾದ ಕೆಲಸವೊಂದಿದೆ. ಲಾಕಿ ಉರಿಯುತ್ತಿದ್ದ ಆ ಮಳೆಗಾಲದಲ್ಲಿ ಟಿಪ್ಪುವಿನ ಸೈನ್ಯ ಮಂಗಳೂರು ಕೋಟೆಯನ್ನು ಮುತ್ತಿತ್ತು. ಕಂಪನಿಯ ಅಧಿಕಾರಿಗಳು ದಿನಚರಿ, ಪತ್ರಗಳನ್ನು ಬರೆಯುತ್ತಿದ್ದರು. ಪುಣೆಯ ಪೇಶ್ವೆ ದಫ್ತರದಲ್ಲಿ ಮೋಡಿ ಲಿಪಿಯ ಕಾಗದಗಳಿವೆ, ಶೃಂಗೇರಿ ಮಠದಲ್ಲಿ ಆ ಕಾಲದ ಕಡತಗಳಿವೆ. ಇವನ್ನು ರಾಜಕೀಯ ಚರಿತ್ರೆಗಾಗಿ ಓದಿದ್ದೇವೆ. ಮಳೆ ಯಾವ ನಕ್ಷತ್ರದಲ್ಲಿ ಬಂತು, ಸೂರ್ಯ ಮಂಕಾಗಿದ್ದನೇ, ಭತ್ತ–ಜೋಳದ ಧಾರಣೆ ಎಷ್ಟಿತ್ತು, ಎಲ್ಲಿ ಕಂದಾಯ ಬಿಟ್ಟರು ಎಂಬ ಕಣ್ಣಿನಿಂದ ಓದಿದರೆ ಮುಂಗಾರಿನ ಪ್ರಶ್ನೆಗೆ ಮಾದರಿಗಳಿಗಿಂತ ನೇರವಾದ ಉತ್ತರ ಸಿಗುತ್ತದೆ. ಶಾಲಿವಾಹನ ಶಕ 1705, ಶೋಭಕೃತ್ ಸಂವತ್ಸರದ ಜ್ಯೇಷ್ಠದಿಂದ ಮಾಘದವರೆಗಿನ ಕಾಗದಗಳು ಮೊದಲು ತೆರೆಯಬೇಕಾದವು.